ಕೆಲಸ ಕೇಳಲು ಹೋಗಿ ನೆಂಟರಾದದ್ದು

ಇವತ್ತು ಬೆಳಿಗ್ಗೆ ಅಂಗಡಿಗೆ ಬಂದ ಗಿರಾಕಿಯೊಬ್ಬ ಹೊಸ ಜೀನ್ಸ್ ಪ್ಯಾಂಟುಗಳ ಗಂಟನ್ನು ಕೌಂಟರಿನ ಮೇಲಿಟ್ಟು, ಮೊಬೈಲಿಗೆ ಗ್ಲಾಸ್ ಹಾಕಿಸಿಕೊಳ್ಳುತ್ತ ನಿಂತ. ಒಗೆಯದ ಜೀನ್ಸಿಗೊಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬಹುದು. ಗಂಜಿ, ಬಣ್ಣ, ಮೆಷಿನ್ ಎಣ್ಣೆ ಎಲ್ಲ ಸೇರಿದ್ದು. ಜೀನ್ಸ್ ಹೊಲಿಗೆಗೇ ಹೆಸರಾದ ರಾಯದುರ್ಗದಲ್ಲಿದ್ದುಕೊಂಡು ಈ ವಾಸನೆಗೆ ಹೆದರುವುದೆಂದರೆ ಕುರಿಹಟ್ಟಿಯಲ್ಲಿ ಹುಟ್ಟಿ ಹಿಕ್ಕೆಗೆ ಹೇಸಿದ ಹಾಗೆ. ಏನು ಮಾಡಲಿ, ನಾನು ಈಗಲೂ ಮೂಗು ಮುಚ್ಚಿಕೊಳ್ಳುತ್ತೇನೆ.

ಹೋದ ಬೇಸಿಗೆಯ ಮಾತು. ಬಿ.ಕಾಂ. ಮುಗಿಸಿ, ಮಡಕಶಿರಾ ಕಡೆಯ ನಮ್ಮೂರಿನಿಂದ ಕೆಲಸ ಹುಡುಕಿಕೊಂಡು ಬಂದು ಇಲ್ಲಿ ದೊಡ್ಡಮ್ಮನ ಮನೆಯಲ್ಲಿ ಇಳಿದುಕೊಂಡಿದ್ದೆ. ಹೋದಲ್ಲೆಲ್ಲ "ಫೋನ್ ಮಾಡ್ತೀವಿ" ಅಂದವರೇ, ಮಾಡಿದವರಿಲ್ಲ. ದೊಡ್ಡಮ್ಮ ಒಂದು ದಿನವೂ ಮುಖ ಗಂಟಿಕ್ಕಲಿಲ್ಲ, ಆದರೆ ಎರಡನೇ ಸಲ ಅನ್ನ ಬಡಿಸಿಕೊಳ್ಳಲು ನನಗೇ ಕೈ ಬರುತ್ತಿರಲಿಲ್ಲ. ಕೆಲಸ ಸಿಗದೆ ಊರಿಗೆ ಮರಳಿದರೆ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹೀಗಿರುವಾಗ ಒಂದು ಜೀನ್ಸ್ ಯೂನಿಟ್ಟಿನಿಂದ ಲೆಕ್ಕ ಬರೆಯುವ ಕೆಲಸಕ್ಕೆ ಇಂಟರ್‌ವ್ಯೂ ಕರೆ ಬಂತು.

"ನೀನೊಬ್ಬಾಕೀನ ಯಾಕ ಹೋಗ್ತಿ? ತಡಿ, ನಾನೂ ಬರ್ತೀನಿ," ಎಂದು ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟೇಬಿಟ್ಟಳು. ಇಂಟರ್‌ವ್ಯೂಗೆ ದೊಡ್ಡಮ್ಮ! ಆಟೋದಲ್ಲಿ ನಾನು ಯಾರೋ, ಅವಳು ಯಾರೋ ಎನ್ನುವಂತೆ ಆ ಕಡೆ ಮುಖ ಮಾಡಿ ಕೂತಿದ್ದೆ.

ಯಜಮಾನರು ನನ್ನ ಮಾರ್ಕ್ಸ್ ಕಾರ್ಡ್ ಮುಟ್ಟಲೇ ಇಲ್ಲ. ದೊಡ್ಡಮ್ಮನನ್ನು ನೋಡಿ, "ಬರ್ರಿ, ಕುಂದರ್ರಿ. ನಿಮ್ಮದು ಯಾವ ಮನಿತನ್ರಿ?" ಎಂದರು. ಅಷ್ಟು ಕೇಳಿದ್ದೇ ಸಾಕಾಯಿತು. ಕಣೇಕಲ್ಲಿನ ಯಾವುದೋ ಸೋದರತ್ತೆ, ಬೊಮ್ಮನಹಾಳಿನ ಯಾವುದೋ ಮದುವೆ ಹಿಡಿದುಕೊಂಡು ಟೀ ಮುಗಿಯುವುದರೊಳಗೆ ಇಬ್ಬರೂ ಅಣ್ಣ ತಂಗಿ ಆಗಿಬಿಟ್ಟರು. ನಾನು ಟ್ಯಾಲಿ, ಜಿಎಸ್‌ಟಿ ಎಂದು ಉರು ಹೊಡೆದುಕೊಂಡು ಹೋಗಿದ್ದೆ. ಯಾರಿಗೆ ಬೇಕು ಅದು?

"ಪಗಾರ ಎಷ್ಟು ಸಾರ್?" ಧೈರ್ಯ ಮಾಡಿ ಕೇಳಿದೆ.

"ಮನಿ ಮಗಳು ಪಗಾರ ಕೇಳ್ತಾಳೇನವ್ವಾ?" ಎಂದು ನಕ್ಕರು. ದೊಡ್ಡಮ್ಮನೂ ನಕ್ಕಳು.

"ಸಂಜೆ ಎಷ್ಟೊತ್ತಿಗೆ ಬಿಡ್ತೀರಾ ಸಾರ್?"

"ನಮ್ಮನಿ ಕೆಲಸಕ್ಕ ಟೈಮ್ ಏನು? ಮುಗಿದಾಗ ಮುಗೀತು."

ಬೈಯುವ ಯಜಮಾನನಾದರೆ ಎದ್ದು ಬರಬಹುದು. ಮಗಳೇ ಅನ್ನುವವನ ಎದುರಿನಿಂದ ಏಳುವುದು ಹೇಗೆ, ನೀವೇ ಹೇಳಿ.

ಆಮೇಲೆ ಹೊಲಿಗೆ ಹಾಲ್ ತೋರಿಸಲು ಕರೆದುಕೊಂಡು ಹೋದರು. ಸಾಲಾಗಿ ಕೂತ ಹೆಂಗಸರಲ್ಲಿ ಒಬ್ಬಳೂ ತಲೆ ಎತ್ತಲಿಲ್ಲ. ನಮ್ಮೂರಲ್ಲಿ ಹೊಸಬರು ಬಂದರೆ ಕುರಿಗಳೂ ತಲೆ ಎತ್ತಿ ನೋಡುತ್ತವೆ. ಉರಿಬಿಸಿಲಿನ ಕಾಲ, ಮೇಲೆ ತಗಡು. ಆದರೂ ಮೆಷಿನ್ನುಗಳ ಪಕ್ಕದ ನೀರಿನ ಬಾಟಲಿಗಳು ತುಂಬಿದ್ದು ತುಂಬಿದಂತೆಯೇ ಇದ್ದವು. ಯಾಕೆಂದು ನಾನು ಯೋಚಿಸುತ್ತಿರುವಾಗಲೇ ಯಜಮಾನರು ಜೇಬಿನಿಂದ ಬೀಗದ ಕೈ ತೆಗೆದು ನನ್ನ ಕೈಗಿಟ್ಟರು.

"ಇದು ಬಾತ್‌ರೂಮಿಂದು. ಲೆಕ್ಕ ಆಮ್ಯಾಲೆ, ಮೊದಲು ಇದನ್ನ ನೋಡ್ಕೋ. ಊಟಕ್ಕ ಬಿಟ್ಟಾಗ ತೆಗಿ. ನಡುವ ಯಾರು ಕೇಳಿದ್ರೂ ಕೊಡಬ್ಯಾಡ. ಹೊರಗಿನವರ ಕೈಯಾಗ ಕೊಟ್ರ ಕರಗಿಬಿಡ್ತಾರ. ಅದಕ್ಕ ಮನಿಯವರೇ ಬೇಕು ನಮಗ."

ಹತ್ತಿರದ ಮೆಷಿನ್ನಿನ ಹೆಂಗಸು ಆಗ ಕಣ್ಣೆತ್ತಿದಳು. ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು.

"ನಂಗೆ ಬ್ಯಾಡ ಸಾರ್," ಅಂದೆ. ಬೀಗದ ಕೈಯನ್ನು ಅವರ ಕೋಣೆಯ ಟೇಬಲ್ ಮೇಲಿಟ್ಟು ಹೊರಗೆ ಬಂದುಬಿಟ್ಟೆ.

"ನಿನ್ನ ಸೊಕ್ಕಿಗೆ ಬೆಂಕಿ ಬೀಳಲಿ! ಇದ್ದೊಂದು ಸಂಬಂಧಾನೂ ಕೆಡಿಸಿದಿ," ಎಂದು ದೊಡ್ಡಮ್ಮ ದಾರಿಯುದ್ದಕ್ಕೂ ಬೈದಳು. ಸಿಕ್ಕಿ ಅರ್ಧ ತಾಸೂ ಆಗಿರದ ಸಂಬಂಧ! ಅದನ್ನು ಉಳಿಸಿಕೊಳ್ಳಲು ತನ್ನ ಸೊಸೆ ಗಿರಿಜಾಳನ್ನು ಅದೇ ಕೆಲಸಕ್ಕೆ ಕಳಿಸಿದಳು. ನಾನು ಕಂಡದ್ದನ್ನೆಲ್ಲ ಗಿರಿಜತ್ತಿಗೆಗೆ ಹೇಳಿದೆ. "ಅತ್ತಿ ಹೋಗಂದ್ರ ಹೋಗಬೇಕಲ್ಲವ್ವಾ," ಅಂದಳು, ಅಷ್ಟೇ. ಆಮೇಲೆ ನನಗೆ ಈ ಮೊಬೈಲ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಬೇರೆ ರೂಮು ಹಿಡಿದೆ. ದೊಡ್ಡಮ್ಮ ಮಾತು ಬಿಟ್ಟಳು.

ಇವತ್ತು ಆ ಜೀನ್ಸ್ ಗಿರಾಕಿ ಗಂಟು ಎತ್ತಿಕೊಂಡು ಇಳಿದು ಹೋದ. ಅವನ ಹಿಂದೆಯೇ ಮೆಟ್ಟಿಲು ಹತ್ತಿ ಬಂದವಳು, ಯಾರೆಂದುಕೊಂಡಿರಿ, ದೊಡ್ಡಮ್ಮ! ಸ್ಟೂಲ್ ಎಳೆದು ಕೊಟ್ಟರೂ ಕೂರಲಿಲ್ಲ.

"ಗಿರಿಜಾ ಸರಿಯಾಗಿ ಉಣ್ಣಂಗಿಲ್ಲ. ಅಲ್ಲಿ ಹೆಂಗಸ್ರು ಯಾರೂ ಆಕೀನ ಮಾತಾಡಸಂಗಿಲ್ಲಂತ. ನಿನ್ನೆ ಬಸರಿ ಹೆಂಗಸು ಒಬ್ಬಾಕಿ ಬೀಗ ತೆಗಿ ಅಂತ ಕಾಲು ಹಿಡಿದಳಂತ. ಇಕಿ ತೆಗದಾಳ, ಆ ಅಣ್ಣ ಎಲ್ಲಾರ ಮುಂದ ಇಕೀನ ಬೈದಾನ. ಬಿಡಿಸ್ತೀವಿ ಅಂತ ಫೋನ್ ಮಾಡಿದ್ರ ನಗ್ತಾನ, ಮನಿ ಮಗಳು ಎಲ್ಲಿಗೆ ಹೋಗ್ತಾಳ ಅಂತಾನ." ಸೆರಗಿನಿಂದ ಮುಖ ಒರೆಸಿಕೊಂಡಳು. "ಅವನ ಮುಂದ ಬ್ಯಾಡ ಅನ್ನಾಕ ನನಗ ಬಾಯಿ ಬರಂಗಿಲ್ಲ. ನಿನಗ ಬರತೈತಿ. ಬಾರವ್ವಾ."

ನನಗೆ ಬರುತ್ತದಂತೆ! ಅವತ್ತು ನಾನೆಷ್ಟು ಹೆದರಿದ್ದೆನೆಂದು ಅವಳಿಗೇನು ಗೊತ್ತು. ಅಂಗಡಿಯವರನ್ನು ಕೇಳಿಕೊಂಡು ಹೊರಟೆ. ಯೂನಿಟ್ಟಿನ ಬಾಗಿಲಿಗೆ ಬರುವಷ್ಟರಲ್ಲಿ ಹೇಳಬೇಕೆಂದುಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು.

ಯಜಮಾನರು ಎದ್ದು ನಿಂತು ದೊಡ್ಡಮ್ಮನಿಗೆ ಕೈ ಮುಗಿದರು. "ಬಾ ತಂಗಿ, ಬಾ. ಟೀ ತರಸ್ತೀನಿ."

ನಾನಿನ್ನೂ ಮರೆತ ಮಾತನ್ನೇ ಹುಡುಕುತ್ತಿದ್ದೆ. ದೊಡ್ಡಮ್ಮ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಟೀ ಬ್ಯಾಡ್ರಿ," ಅಂದಳು. "ನನ್ನ ಸೊಸೀನ ಕರೀರಿ."