ಹೊಸ್ತಿಲಿಗೆ ಹೋಗಿ ಮತ್ತ ಬಾ

ನಮ್ಮ ಅತ್ತೆಯ ಎಡ ಮೂಗಿನ ಹೊಳ್ಳೆಯಲ್ಲಿ ಕೆಂಪು ಹರಳಿನ ಒಂದು ಮೂಗುಬಟ್ಟು ಇತ್ತು. ಅವರಿಗೆ ಸಿಟ್ಟು ಬಂದದ್ದು ಎಲ್ಲಕ್ಕಿಂತ ಮೊದಲು ಅದಕ್ಕೇ ಗೊತ್ತಾಗುತ್ತಿತ್ತು. ಹುಬ್ಬು ಗಂಟಿಕ್ಕುವ ಮೊದಲೇ ಹೊಳ್ಳೆ ಅರಳಿ ಹರಳು ಮಿನುಗುತ್ತಿತ್ತು. ಈಗ ಯಾರು ಏನಂದೆವು ಎಂದು ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಹಾಲು ಉಕ್ಕಿದರೆ, ಗಾಜಿನ ಲೋಟ ಒಡೆದರೆ ಅವರಿಗೆ ಸಿಟ್ಟಿಲ್ಲ. ಅವರ ಸಿಟ್ಟೆಲ್ಲ ಮಾತಿನ ಮೇಲೆ. ಬೈಗುಳದ ಮೇಲೂ ಅಲ್ಲ, ಅದು ಅವರಿಗೂ ಚೆನ್ನಾಗಿಯೇ ಬರುತ್ತಿತ್ತು. ಎಲ್ಲರೂ ದಿನಾ ಆಡುವ, ಆಡಿದವರಿಗೇ ನೆನಪುಳಿಯದ ಸವಕಲು ಮಾತುಗಳೆಂದರೆ ಅವರಿಗೆ ಆಗುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಗೆ ಜೇವರ್ಗಿ ಕಾಲೋನಿಯ ನೌಕರಸ್ಥರ ಮನೆಯಿಂದ ಶಹಾಬಜಾರದ ಆ ಓಣಿಗೆ ಸೊಸೆಯಾಗಿ ಬಂದವಳು ನಾನು. ನನ್ನ ಬಾಯಿತುಂಬ ಅಂಥ ಮಾತುಗಳೇ. ನಳದಲ್ಲಿ ನೀರು ಬಾರದ ಒಂದು ಬೆಳಿಗ್ಗೆ "ಟೆನ್ಶನ್ ತಗೋಬ್ಯಾಡ್ರಿ ಅತ್ತಿ" ಎಂದೆ.

"ತಗೊಳ್ಳಾಕ ಅದೇನು ಬದನಿಕಾಯೇನು? ನೀರು ಬಂದಿಲ್ಲ. ಕೊಡ ತಗೋರಿ, ಬಾವಿಗೆ ಹೋಗೂಣ ಅನ್ನು."

ಏನು ಮಾಡಾಕತ್ತೀ ಎಂದು ಅವರು ಕೇಳಿದಾಗ "ಏನಿಲ್ರಿ" ಅಂದರೂ ತಪ್ಪು. "ಏನಿಲ್ಲಂದ್ರ ಕೈಯಾಗ ಮೊರ ಯಾಕದ?" ಹೊಸತರಲ್ಲಿ ನನಗೆ ಬಾಯಿ ತೆರೆಯಲೇ ಅಂಜಿಕೆಯಾಗುತ್ತಿತ್ತು.

ತಪ್ಪಿಗೆ ಅವರಲ್ಲಿ ಒಂದೇ ಶಿಕ್ಷೆ, ಹೊಸ್ತಿಲು. ಪಕ್ಕದ ಮನೆಯ ಖಾಲಾ ಅತ್ತೆಯ ಜೀವದ ಗೆಳತಿ. ಮನೆಯಲ್ಲಿ ಉರ್ದು, ನಮ್ಮೊಂದಿಗೆ ಅರ್ಧ ಉರ್ದು ಅರ್ಧ ಕನ್ನಡ. ಒಂದು ಸಂಜೆ ಸೆರಗಿನ ಮರೆಯಲ್ಲಿ ಬಟ್ಟಲು ಹಿಡಿದು ಬಂದು "ಸುಮ್ನ ಬಂದೆ ಅಕ್ಕಾ" ಎಂದರು. ಹರಳು ಮಿನುಗಿತು.

"ಸುಮ್ನ ಬರೋರು ಬಟ್ಟಲಾ ತರೂದಿಲ್ಲ. ಹೊಸ್ತಿಲಿಗೆ ಹೋಗಿ ಮತ್ತ ಬಾ."

ಖಾಲಾ ನಗುತ್ತ ಹೋಗಿ, ಹೊಸ್ತಿಲ ಆಚೆ ಕಾಲಿಟ್ಟು, ತಿರುಗಿ ಬಂದು "ಹೆಪ್ಪಿಗೆ ಬಂದೀನಿ ಅಕ್ಕಾ" ಎಂದರು. ಅತ್ತೆ ಹೆಪ್ಪಿನ ಜೊತೆ ಒಂದು ಪಾತ್ರೆ ಮೊಸರನ್ನೂ ಕೊಟ್ಟು ಕಳಿಸಿದರು. ಆ ಹೊಸ್ತಿಲು ದಾಟಿ ಮರಳದವರು ಓಣಿಯಲ್ಲಿ ಯಾರೂ ಇರಲಿಲ್ಲ.

ಎಲ್ಲ ಮಾತುಗಳಿಗಿಂತ ಹೆಚ್ಚು ಅವರಿಗೆ ಮೈ ಉರಿಯುತ್ತಿದ್ದದ್ದು "ಹೋಗ್ಲಿ ಬಿಡು" ಅಂದರೆ. ಹಾಲಿನವನು ನೀರು ಬೆರೆಸಿದ್ದಕ್ಕೆ ನನ್ನ ಗಂಡ ಒಮ್ಮೆ "ಹೋಗ್ಲಿ ಬಿಡವ್ವಾ" ಎಂದಿದ್ದರು. ಉಣ್ಣುತ್ತಿದ್ದ ಒಬ್ಬನೇ ಮಗನನ್ನು ಎಂಜಲುಗೈಯಲ್ಲೇ ಎಬ್ಬಿಸಿ ಹೊಸ್ತಿಲಿಗೆ ಕಳಿಸಿದರು. ಇದೇನು ಹಟವಪ್ಪಾ ಎಂದು ನಾನು ಅಡಿಗೆಮನೆಯಲ್ಲಿ ಸೆರಗು ಬಾಯಿಗೊತ್ತಿ ನಕ್ಕಿದ್ದೆ.

ತೊಂಬತ್ತರ ದಶಕದ ಆರಂಭದಲ್ಲಿ ನನಗೆ ಹೆಣ್ಣುಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ಮೊದಲೇ ತೀರಿಕೊಂಡಿತು. ಹೆಸರಿಡದ ಕೂಸು ಹೋದರೆ ನಮ್ಮಲ್ಲಿ ಅದನ್ನು ಸಾವೆಂದು ಹೆಚ್ಚು ಹಚ್ಚಿಕೊಳ್ಳುವುದಿಲ್ಲ. ಸತ್ತವರ ಮನೆಗೆ ರೊಟ್ಟಿ-ಪಲ್ಯದ ಬುತ್ತಿ ತರುವವರು ಇಂಥ ಮನೆಗೆ ತರುವುದಿಲ್ಲ. ಹೆಂಗಸರು ಬಂದು ಎರಡು ಮಾತಾಡಿ ಹೋಗುತ್ತಾರೆ. ಆ ಎರಡು ಮಾತು ಯಾವುದೆಂದು ಅತ್ತೆಗೆ ಗೊತ್ತಿತ್ತು. ಹೆಂಗಸರು ಬರುವ ದಿನ ಬೆಳಿಗ್ಗೆಯೇ ಅವರು ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಕೂತರು.

ಮೊದಲು ಬಂದವರು ಹಿಂದಿನ ಓಣಿಯ ಹಿರಿಯ ಹೆಂಗಸು. "ಹೋಗ್ಲಿ ಬಿಡು ತಂಗೀ, ಇನ್ನಾ ವಯಸ್ಸದ, ಮತ್ತೊಂದು ಆಗ್ತದ" ಎಂದರು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಅತ್ತೆಯ ದನಿ ಕೇಳಿಸಿತು.

"ಏನು ಹೋಗ್ಲಿ? ಏನು ಬಿಡ್ಲಿ? ಒಡದ ಗಡಗಿ ಏನದು, ಮತ್ತೊಂದು ತರಾಕ? ಹೊಸ್ತಿಲಿಗೆ ಹೋಗಿ ಮತ್ತ ಬರ್ರಿ. ಕೂಸು ಹ್ಯಾಂಗಿತ್ತು ಅಂತ ಕೇಳ್ರಿ. ಕೇಳೂದು ಆಗಲಿಲ್ಲಂದ್ರ ಬಾಯಿ ಮುಚ್ಚಿ ಕುಂದರ್ರಿ."

ಆಕೆ ಎದ್ದು ಹೋದವರು ಮತ್ತೆ ನಮ್ಮ ಮನೆಗೆ ಬರಲೇ ಇಲ್ಲ. ಇನ್ನೂ ಕೆಲವರು ಮುಖ ದಪ್ಪ ಮಾಡಿಕೊಂಡು ಹೋದರು. ಖಾಲಾ ಅಳುತ್ತಲೇ ಬಂದು "ಜಾನೇ ದೇ ಬೇಟೀ" ಎಂದರು.

"ಉರ್ದೂದಾಗ ಅಂದ್ರೂ ಅದೇ ಮಾತು" ಎಂದರು ಅತ್ತೆ. ಅವತ್ತು ಆ ದನಿಯಲ್ಲಿ ಸಿಟ್ಟಿರಲಿಲ್ಲ.

ಖಾಲಾ ಹೊಸ್ತಿಲಿಗೆ ಹೋಗಿ ಬಂದು ನನ್ನ ಪಕ್ಕ ಕೂತರು. ನನ್ನ ಅಂಗಾಲಿನ ಮೇಲೆ ಕೈಯಿಟ್ಟು "ಹ್ಯಾಂಗಿತ್ತು ಕೂಸು? ಹೇಳು ಬೇಟೀ" ಎಂದರು. ದವಾಖಾನೆಯಿಂದ ಬಂದ ಮೇಲೆ ನಾನು ಅತ್ತಿರಲೇ ಇಲ್ಲ. ಗೋಡೆಯ ಕಡೆಯಿಂದ ಹೊರಳಿ ಹೇಳತೊಡಗಿದೆ. ಕಿವಿ ಮುಚ್ಚುವಷ್ಟು ಕೂದಲಿತ್ತು. ಆಕಳಿಸುವಾಗ ಬಾಯಿ ಒಂದು ಕಡೆ ಸೊಟ್ಟಗಾಗುತ್ತಿತ್ತು. ನನ್ನ ಬೆರಳು ಹಿಡಿದರೆ ಬಿಡುತ್ತಿರಲಿಲ್ಲ, ನಿದ್ದೆಯಲ್ಲೂ. ಹೇಳುತ್ತ ಹೇಳುತ್ತ ಅಳು ಬಂತು, ಅಳುತ್ತ ಅಳುತ್ತ ಹೇಳಿದೆ. ಆ ಸಂಜೆ ಅತ್ತೆ "ಹೆಸರಿಲ್ದಂಗ ಯಾಕ ಕಳಸೂದು" ಎಂದು ಕೂಸಿಗೊಂದು ಹೆಸರಿಟ್ಟರು. ಬಂದವರಿಗೆಲ್ಲ ಆ ಹೆಸರಿನಿಂದಲೇ ಅದರ ಸುದ್ದಿ ಹೇಳಿದರು.

ನಾನು ಎದ್ದು ಓಡಾಡುವಂತಾದ ಮೇಲೆ ಅತ್ತೆ ನನ್ನನ್ನು ತಮ್ಮ ತವರು ಕಮಲಾಪುರಕ್ಕೆ ಕರೆದುಕೊಂಡು ಹೋದರು. ಅವರ ಅಣ್ಣನಿಗೆ ಊರ ಹೊರಗೆ ಕೆಂಪು ಬಾಳೆಯ ತೋಟವಿತ್ತು. ಊಟವಾದ ಮೇಲೆ "ಬಾ" ಎಂದು ನನ್ನೊಬ್ಬಳನ್ನೇ ಆ ತೋಟದ ಬದುವಿಗೆ ಕರೆದೊಯ್ದು ಒಂದು ಬೇವಿನ ಗಿಡದ ಕೆಳಗೆ ನಿಂತರು.

"ಇಲ್ಲೇ ಇಟ್ಟೀವಿ" ಎಂದರು. "ನಿನ್ನ ಗಂಡ ಹುಟ್ಟೂದಕ್ಕ ಮೊದಲ ಒಂದು ಹೆಣ್ಣಿತ್ತು ನನಗ. ಓಡಾಡ್ತಿತ್ತು, ಮಾತಾಡ್ತಿತ್ತು. ಜ್ವರ ಬಂದು ಹೋತು. ನಮ್ಮವ್ವ ಸುದ್ದಾ ಅಂದಳು, ಹೋಗ್ಲಿ ಬಿಡು, ಹೆಣ್ಣುಕೂಸಂತ. ಎಲ್ಲಾರೂ ಅಂದ್ರು. ಯಾರ ಮುಂದೂ ಅದರ ಮಾತು ತೆಗಿಯಾಕ ಆಗಲಿಲ್ಲ ನನಗ. ತೆಗದ್ರ ಹೋಗ್ಲಿ ಬಿಡು ಅಂತಿದ್ರು."

ನಾನು "ಹ್ಯಾಂಗಿತ್ರಿ ಅತ್ತಿ?" ಎಂದೆ. ಅವರು ಬದುವಿನ ಮೇಲೆ ಕೂತುಬಿಟ್ಟರು. ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ. ಬಿಸಿಲು ಇಳಿಯುವ ತನಕ ಹೇಳಿದರು. ಬಾಳೆಹಣ್ಣನ್ನು ಸಿಪ್ಪೆ ಸಮೇತ ತಿನ್ನುತ್ತಿದ್ದದ್ದು, ತಂದೆಯ ಚಪ್ಪಲಿ ಹಾಕಿಕೊಂಡು ಬೀಳುತ್ತಿದ್ದದ್ದು. ಕೊನೆಗೆ ಅದರ ಹೆಸರು ಹೇಳಿದರು. ನನ್ನ ಕೂಸಿಗೆ ಇಟ್ಟದ್ದೂ ಅದೇ ಹೆಸರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮಿಬ್ಬರ ಕೂಸುಗಳದು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅತ್ತೆಗೆ ಲಕ್ವಾ ಹೊಡೆಯಿತು. ಬಲಗಡೆ ಕೈಕಾಲು ಬಿದ್ದುಹೋದವು, ಬಾಯಿ ಸೊಟ್ಟಗಾಯಿತು. ಸೇಡಂ ರಸ್ತೆಯ ದವಾಖಾನೆಯ ಡಾಕ್ಟರು, ಮಾತು ಹೋಗಿದೆ, ಕೆಲವರಿಗೆ ಒಂದೆರಡು ಮಾತು ಮಾತ್ರ ಉಳಿಯುತ್ತದೆ, ಯಾವುದು ಉಳಿಯುತ್ತದೆಂದು ಹೇಳಲಾಗದು ಎಂದರು. ಅತ್ತೆ ಕಣ್ಣು ತೆರೆದದ್ದು ಮರುದಿನ. ನೀರಿನ ಲೋಟದ ಕಡೆ ನೋಡಿ, ಕಷ್ಟಪಟ್ಟು ನಾಲಿಗೆ ಹೊರಳಿಸಿ ಅಂದರು:

"ಹೋಗ್ಲಿ ಬಿಡು."

ಅವರ ಎಡ ಹೊಳ್ಳೆ ಅರಳಿತು, ಹರಳು ಮಿನುಗಿತು. ತಮ್ಮ ಬಾಯಿಂದ ಬಂದ ಮಾತು ತಮಗೇ ಕೇಳಿಸಿತ್ತು. ಮತ್ತೆ ಪ್ರಯತ್ನಿಸಿದರು, ಮತ್ತೆ ಅದೇ ಬಂತು. ಎಡಗೈಯಿಂದ ತಮ್ಮ ಬಾಯಿಗೆ ತಾವೇ ಹೊಡೆದುಕೊಂಡರು. ಆಮೇಲೆ ಅದೇ ಕೈ ಎತ್ತಿ ಬಾಗಿಲು ತೋರಿಸಿದರು. ಹೊಸ್ತಿಲಿಗೆ ಹೋಗಿ ಮತ್ತ ಬಾ ಎಂದು ತಮ್ಮ ಮಾತಿಗೇ ಹೇಳುತ್ತಿದ್ದರು. ನನ್ನ ಗಂಡ ವರಾಂಡಕ್ಕೆ ಹೋಗಿ ಗೋಡೆಗೆ ಹಣೆಯಿಟ್ಟು ಅತ್ತರು. ದೇವರು ಇಷ್ಟು ಕ್ರೂರಿಯಾಗಬಾರದಿತ್ತು.

ಮನೆಗೆ ಕರೆತಂದ ಮೇಲೆ ಅವರು ಬದುಕಿರುವ ತನಕ ಅದೊಂದೇ ಮಾತು. ಹಸಿವೆಗೂ ಅದೇ, ಉರಿಗೂ ಅದೇ, ಕಿಟಕಿ ತೆರೆ ಅನ್ನುವುದಕ್ಕೂ ಅದೇ. ನಾನು ದನಿಯ ಏರಿಳಿತ ಕಲಿತೆ. "ನೀರೇನ್ರಿ? ಮಗ್ಗಲಾ ಹೊಳ್ಳಸ್ಲೇನ್ರಿ?" ಸರಿಯಾಗಿ ಊಹಿಸಿದರೆ ರೆಪ್ಪೆ ಮುಚ್ಚುತ್ತಿದ್ದರು. ತಪ್ಪಾದರೆ ಮತ್ತೆ ಆ ಮಾತೇ ಬರುತ್ತಿತ್ತು, ಪ್ರತಿ ಸಲವೂ ಹೊಳ್ಳೆ ಅರಳುತ್ತಿತ್ತು. ಒಂದು ದಿನವೂ ಅವರು ಆ ಮಾತಿಗೆ ಒಗ್ಗಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಓಣಿಯಲ್ಲಿ ಯಾರದೋ ಕೂಸು ಅಳುತ್ತಿತ್ತು. ಅತ್ತೆ ನನ್ನ ಬೆರಳನ್ನು ಎಡಗೈಯ ಮುಷ್ಟಿಯಲ್ಲಿ ಹಿಡಿದರು, ಬಿಡಲಿಲ್ಲ. ನನ್ನನ್ನೇ ನೋಡುತ್ತ, ಬಹಳ ಮೆಲ್ಲಗೆ, "ಹೋಗ್ಲಿ ಬಿಡು" ಎಂದರು. ಅದೊಂದು ಸಲ ಹೊಳ್ಳೆ ಅರಳಲಿಲ್ಲ, ಕಣ್ಣಲ್ಲಿ ನೀರು ಬಂತು. ಅವರು ಕರೆದದ್ದು ಆ ಹೆಸರನ್ನೇ ಎಂದು ನಾನು ಇವತ್ತಿಗೂ ನಂಬಿದ್ದೇನೆ. "ಹೌದ್ರಿ ಅತ್ತಿ" ಎಂದೆ. ರೆಪ್ಪೆ ಮುಚ್ಚಿದರು.

ಅವರು ಹೋದ ದಿನ ಮನೆ ತುಂಬ ಜನ. ಖಾಲಾಗೆ ಆಗಲೇ ಮೊಣಕಾಲು ನೋವು, ಮೊಮ್ಮಗಳ ಹೆಗಲು ಹಿಡಿದು ಬಂದು ನನ್ನ ಎದುರು ಕೂತರು. "ಹೋಗ್ಲಿ ಬಿಡು ಬೇಟೀ, ಭಾಳ ತ್ರಾಸ ಪಟ್ರು" ಎಂದರು.

ನನಗೆ ಸಿಟ್ಟು ಬರಲಿಲ್ಲ. ಬೆಳಗಿನಿಂದ ಆ ಮನೆಯಲ್ಲಿ ಆ ಮಾತು ಕೇಳಿಸಿರಲಿಲ್ಲ. ಇನ್ನೊಮ್ಮೆ ಅನ್ನಿ ಎಂದು ಬೇಡಿಕೊಳ್ಳಬೇಕೆನಿಸಿತು. ಆದರೆ ಖಾಲಾ ಅಷ್ಟರಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಮೊಮ್ಮಗಳನ್ನೂ ಕರೆಯದೆ, ಗೋಡೆ ಹಿಡಿದು ಎದ್ದರು. ಹೊಸ್ತಿಲ ತನಕ ಹೋಗಿ, ಒಂದು ಕಾಲು ಆಚೆ ಇಟ್ಟು, ತಿರುಗಿ ಬಂದರು. ಕೂತು ನನ್ನ ಕೈ ಹಿಡಿದರು.

"ನಿಮ್ಮತ್ತಿ ಹ್ಯಾಂಗಿದ್ರು? ಹೇಳು ಬೇಟೀ."

ನನಗಿಂತ ಮೊದಲಿನಿಂದ ಅತ್ತೆಯನ್ನು ಬಲ್ಲವರು ಅವರು. ಆದರೂ ಕೇಳಿದರು.

"ಎಡ ಮೂಗಿನ್ಯಾಗ ಒಂದು ಕೆಂಪು ಹರಳಿನ ಮೂಗುಬಟ್ಟಿತ್ರಿ" ಎಂದೆ. ಮುಂದಿನದು ಆ ದಿನ ಬಾಯಿಗೆ ಬರಲಿಲ್ಲ. ಖಾಲಾ ನನ್ನ ಕೈ ಬಿಡದೆ, ಕಾಯುತ್ತ ಕೂತೇ ಇದ್ದರು.