ಅರವತ್ತರಲ್ಲಿ ಕಂಡ ಚಂದ್ರ

ಮೈಸೂರು ಬಿಟ್ಟು ಪರದೇಶ ಸೇರಿದ ರಹೀಂ ಸಾಹೇಬರಿಗೆ ಐವತ್ತನಾಲ್ಕು ವಯಸ್ಸು. ಅಲ್ಲಿ ಫ್ಯಾಕ್ಟೋರಿಯಾ ಎಂಬ ಬಡಾವಣೆಯ ಟೆಲಿಕಾಂ ಆಫೀಸಿನಲ್ಲಿ ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ಹುಡುಕುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೂ ಹನ್ನೊಂದು ವರ್ಷದಿಂದ ಚಂದ್ರ ಮಾತ್ರ ಅವರ ಕೈಗೆ ಸಿಕ್ಕಿರಲಿಲ್ಲ. ರಂಜಾನಿನ ಇಪ್ಪತ್ತೊಂಬತ್ತನೆಯ ಸಂಜೆ ಪ್ರತಿ ವರ್ಷ ನ್ಯೂಕ್ಯಾಸಲ್ ಗುಡ್ಡದ ಮೇಲೆ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತಿದ್ದರು. ಚಂದ್ರ ಕಂಡರೆ ಮರುದಿನ ಹಬ್ಬ, ಕಾಣದಿದ್ದರೆ ಇನ್ನೊಂದು ಉಪವಾಸ. ಅವರಿಗೆ ಕಾಣುತ್ತಿದ್ದದ್ದು ಬರೀ ಮೋಡ. ಗೆಳೆಯರು ಅವರಿಗೆ 'ಮೋಡದ ರಹೀಂ' ಎಂದೇ ಹೆಸರಿಟ್ಟಿದ್ದರು. ಎಲ್ಲರೊಡನೆ ಅವರೂ ನಗುತ್ತಿದ್ದರು, ಆದರೆ ಒಳಗೆ ಚುರುಕ್ ಎನ್ನುತ್ತಿತ್ತು.

ಈ ವರ್ಷ ಹಟಕ್ಕೆ ಬಿದ್ದು ಸ್ಪಾಟಿಂಗ್ ಸ್ಕೋಪ್ ಎಂಬ ಪುಟ್ಟ ದೂರದರ್ಶಕ ಕೊಳ್ಳಲು ಹೊರಟರು. ಅವರ ಮನೆಯಿದ್ದ ಕ್ರಾಸ್‌ರೋಡ್ಸ್ ಬಡಾವಣೆಯಲ್ಲಿ ಪಕ್ಕದ ಮನೆಯ ಕೇಶವ ಹಕ್ಕಿ ನೋಡುವ ಹುಚ್ಚಿನವರು, ದಿನವೂ ಅಂಥದ್ದನ್ನೇ ಹೆಗಲಿಗೇರಿಸಿಕೊಂಡು ಓಡಾಡುವವರು. ರಹೀಂ ಕೇಶವರ ಸಲಹೆ ಕೇಳಿದರು. ಕೇಳಿದ್ದಷ್ಟೇ.

"ಕಣ್ಣಿಡೋ ಕಡೆಗೆ ಇಪ್ಪತ್ತು ಪಟ್ಟು ದೊಡ್ಡದು ಮಾಡಿ ತೋರಿಸೋ ಐಪೀಸ್ ತಗೊಳ್ಳಿ ಸಾಹೇಬ್ರೇ. ಆಕಾಶ ಅಗಲವಾಗಿ ಕಾಣುತ್ತೆ, ಬೆಳಕೂ ಜಾಸ್ತಿ" ಎಂದರು ಕೇಶವ.

"ದೊಡ್ಡದಾಗಿ ಕಾಣ್ಲಿ ಅಂತ ತಾನೇ ಇದನ್ನ ತಗೊಳ್ಳೋದು? ಅರವತ್ತು ಪಟ್ಟಿಂದೇ ಇರ್ಲಿ."

"ಅರವತ್ತರಲ್ಲಿ ರೆಕ್ಕೆ ಕಾಣುತ್ತೆ. ಅದು ಯಾವ ಹಕ್ಕೀದು, ಎಲ್ಲಿ ಕೂತಿದೆ, ಅದು ಗೊತ್ತಾಗಲ್ಲ."

ಸಾಹೇಬರು ಅರವತ್ತನ್ನೇ ಕೊಂಡರು. ಕೇಶವ ಬೇಸರ ಮಾಡಿಕೊಳ್ಳದೆ ತಮ್ಮ ಇಪ್ಪತ್ತರ ಐಪೀಸನ್ನೂ ಅವರ ಚೀಲಕ್ಕೆ ಹಾಕಿ ಕಳಿಸಿದರು.

ಇಪ್ಪತ್ತೊಂಬತ್ತನೆಯ ಸಂಜೆ ಆಕಾಶ ಅಪರೂಪಕ್ಕೆ ತಿಳಿಯಾಗಿತ್ತು. ಸೂರ್ಯ ಮುಳುಗಿದ ಕೂಡಲೇ ಗುಡ್ಡದ ಮೇಲೆ ರಹೀಂ ಮತ್ತು ಹೆಂಡತಿ ಫರೀದಾ ಖರ್ಜೂರ ತಿಂದು, ನೀರು ಕುಡಿದು, ನಮಾಜು ಮುಗಿಸಿದರು. ಆಮೇಲೆ ಸಾಹೇಬರು ಸ್ಕೋಪಿಗೆ ಕಣ್ಣಿಟ್ಟರು. ಬಹಳ ಹೊತ್ತು ಏನೂ ಇಲ್ಲ. ಅರವತ್ತರ ಕಿಂಡಿಯಲ್ಲಿ ಆಕಾಶ ಮಬ್ಬಾಗಿ ನಡುಗುತ್ತಿತ್ತು. ಹಠಾತ್ತನೆ ಚಿನ್ನದ ಬಣ್ಣದ ತೆಳ್ಳಗಿನ ಎಳೆಯೊಂದು, ತುಸು ಬಾಗಿದ್ದು, ಕಣ್ಣಿಗೆ ಬಿತ್ತು.

"ಕಾಣಿಸ್ತು ಫರೀದಾ! ಬೇಗ ಬಾ, ಜಾರ್ತಿದೆ!"

ಫರೀದಾ ಕಣ್ಣಿಟ್ಟಳು, ತೆಗೆದಳು, ಗಂಡನ ಮುಖ ನೋಡಿದಳು. "ಹೂಂ ರೀ, ಇದೆ" ಎಂದಳು.

ಸಾಹೇಬರು ಮಸೀದಿಯ ಕಮಿಟಿಯ ಅಹ್ಸಾನ್‌ಗೆ ಫೋನ್ ಮಾಡಿದರು. ಅವರೂ ಮೈಸೂರಿನವರೇ. "ಭಾಭಿನೂ ನೋಡಿದ್ರಾ? ಇಬ್ಬರು ಸಾಕ್ಷಿ ಆಯ್ತಲ್ಲ! ಹತ್ತು ನಿಮಿಷದಲ್ಲಿ ಅನೌನ್ಸ್ ಮಾಡ್ತೀನಿ ರಹೀಂ ಭಾಯ್. ಇನ್ಮೇಲೆ ನಿಮ್ಮನ್ನ ಮೋಡ ಅನ್ನೋರು ಯಾರು?" ಎಂದರು ಅಹ್ಸಾನ್.

ಅಷ್ಟು ಕೇಳಿ ಸಾಹೇಬರ ಕಣ್ಣು ತುಂಬಿ ಬಂತು. ಮನೆಯಲ್ಲಿ ಮೆಹಂದಿ ಹಿಡಿದು ಕೂತಿದ್ದ ಮಗಳು ಅರ್ಶಿಯಾಗೆ ಒಂದು ಫೋಟೋ ಕಳಿಸೋಣವೆನಿಸಿತು. ಫೋಟೋಗೆ ಬೆಳಕು ಸಾಲಲಿಲ್ಲ. ಗೊಣಗಿಕೊಂಡೇ ಕೇಶವರ ಇಪ್ಪತ್ತನ್ನು ತೆಗೆದು ಸಿಕ್ಕಿಸಿದರು.

ಆಕಾಶ ಒಮ್ಮೆಗೇ ಅಗಲವಾಯಿತು. ಚಿನ್ನದ ಎಳೆ ಅಲ್ಲೇ ಇತ್ತು, ಅದಕ್ಕೊಂದು ಉದ್ದನೆಯ ಬಾಲವೂ ಇತ್ತು. ತುದಿಯಲ್ಲಿ ಒಂದು ಚುಕ್ಕಿ ನಿಧಾನವಾಗಿ ದಕ್ಷಿಣಕ್ಕೆ ಸರಿಯುತ್ತಿತ್ತು. ವಿಮಾನ.

ಸಾಹೇಬರು ಫೋನ್ ಕೈಗೆತ್ತಿಕೊಂಡರು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಇನ್ನೆಲ್ಲೋ ಯಾರಿಗೋ ಚಂದ್ರ ಕಂಡಿದ್ದರೆ ತಮ್ಮ ಮಾತೂ ನಿಜವೇ ಆಗಿಬಿಡುತ್ತದೆ. ಹನ್ನೊಂದು ವರ್ಷದ ಮೇಲೆ ಸಿಕ್ಕ ಮರ್ಯಾದೆ ಬೇರೆ. ಆದರೆ ತಮ್ಮ ಮಾತು ನಂಬಿ ಅಷ್ಟೊಂದು ಮನೆಗಳಲ್ಲಿ ಜನ ನಾಳೆಯ ಉಪವಾಸ ಬಿಡುತ್ತಾರೆ. ಎರಡು ನಿಮಿಷ ಫೋನ್ ಹಿಡಿದು ನಿಂತೇ ಇದ್ದರು. ಆಮೇಲೆ ಗುಂಡಿ ಒತ್ತಿ ಸ್ಪೀಕರಿಗೆ ಹಾಕಿದರು.

"ಅಹ್ಸಾನ್ ಭಾಯ್, ನಿಲ್ಲಿಸಿ. ನಾನು ನೋಡಿದ್ದು ವಿಮಾನದ ಹೊಗೆ. ಚಂದ್ರ ಅಲ್ಲ."

"ಏನ್ ಹೇಳ್ತಿದೀರಿ? ಮೈಕ್ ಮುಂದೆ ನಿಂತಿದೀನಿ! ಸರಿ, ನಿಮ್ಮ ಕಣ್ಣು ಮೋಸ ಹೋಯ್ತು ಅನ್ಕೊಳ್ಳೋಣ. ಭಾಭಿಗೂ ಕಾಣಿಸ್ತಲ್ಲ?"

ಹೆಂಡತಿಯನ್ನು ಇದರಲ್ಲಿ ಎಳೆಯಲು ಸಾಹೇಬರಿಗೆ ಮನಸ್ಸು ಬರಲಿಲ್ಲ. "ತಪ್ಪು ನಂದೇ. ನಾನೇ ಅವಸರ ಮಾಡಿ—" ಎನ್ನುತ್ತಿರುವಾಗ ಫರೀದಾ ಅವರ ಕೈಯಿಂದ ಫೋನ್ ತೆಗೆದುಕೊಂಡಳು.

"ಅಹ್ಸಾನ್ ಭಾಯ್, ನನಗೆ ಅದರಲ್ಲಿ ಏನೂ ಕಾಣಿಸಿರ್ಲಿಲ್ಲ. ಬರೀ ಕತ್ತಲೆ. ಇವರು ಅಷ್ಟು ಖುಷಿಯಾಗಿದ್ದು ನೋಡಿ ಹೂಂ ಅಂದ್ಬಿಟ್ಟೆ."

ರಹೀಂ ಸಾಹೇಬರು ಹೆಂಡತಿಯನ್ನೇ ನೋಡುತ್ತ ನಿಂತರು.

"ಜನಕ್ಕೆ ಏನು ಹೇಳ್ಲಿ ಭಾಭಿ?" ಎಂದರು ಅಹ್ಸಾನ್.

"ಈಗ ನಾನು ಹೇಳಿದ್ನಲ್ಲ, ಅದನ್ನೇ ಹೇಳಿ" ಎಂದಳು ಫರೀದಾ.