ಅಡಿಕೆ ಕರೆ ಹತ್ತಿದ ಜಾಬು

ಫಿಟ್ಟರ್ ಕೆಲಸ ಕಲಿಯಲು ಸೇರಿದವನಿಗೆ ಮೊದಲು ಯಂತ್ರ ತೋರಿಸುವುದಿಲ್ಲ. ಒಂದು ಕಬ್ಬಿಣದ ತುಂಡು ಕೊಡುತ್ತಾರೆ, ಒಂದು ಅರ ಕೊಡುತ್ತಾರೆ, ಉಜ್ಜು ಅನ್ನುತ್ತಾರೆ. ಎಂಬತ್ತರ ದಶಕದ ಮೊದಲಲ್ಲಿ, ಸಾಗರದ ಪೇಟೆಯಂಚಿನ ತಗಡಿನ ಶೆಡ್ಡಿನಲ್ಲಿ ನಡೆಯುತ್ತಿದ್ದ ಖಾಸಗಿ ತರಬೇತಿ ಕೇಂದ್ರದಲ್ಲಿ ನಾನು ಉಜ್ಜಿದ್ದೇ ಉಜ್ಜಿದ್ದು. ಅಂಗೈಯಲ್ಲಿ ಗುಳ್ಳೆ ಎದ್ದು, ಒಡೆದು, ಜಡ್ಡುಗಟ್ಟಿತು. ಬಸ್ಸಿನಿಂದ ಇಳಿದರೆ ಸಾಕು, ಊರಿನ ಕಟ್ಟೆಯ ಮೇಲೆ ಕೂತವರು ಇಂಜಿನಿಯರ್ ಸಾಹೇಬರು ಬಂದರು, ದಾರಿ ಬಿಡಿ ಎಂದು ಕಿಚಾಯಿಸುತ್ತಿದ್ದರು. ಕಿಚಾಯಿಸಿಕೊಳ್ಳಲಿ ಎಂದು ಸುಮ್ಮನಿದ್ದೆ.

ಯಾಕೆಂದರೆ ಆ ಕೇಂದ್ರಕ್ಕೆ ವರ್ಷಕ್ಕೊಮ್ಮೆ ಬಯಲುಸೀಮೆಯ ಕಾರ್ಖಾನೆಯೊಂದರ ಫೋರ್‌ಮನ್ ನಮ್ಮ ಜಾಬು ನೋಡಲು ಬರುತ್ತಿದ್ದರು. ಜಾಬು ಅಂದರೆ ನಾವು ಅಳತೆಗೆ ಸರಿಯಾಗಿ ಕೊಯ್ದು ಉಜ್ಜಿ ಕೂಡಿಸಿದ ಕಬ್ಬಿಣದ ತುಂಡುಗಳು. ಅವನ್ನು ನೋಡಿ ಒಬ್ಬ ಹುಡುಗನನ್ನು ಅಪ್ರೆಂಟಿಸ್ ಆಗಿ ಆರಿಸುತ್ತಿದ್ದರು. ಆ ಒಬ್ಬ ನಾನಾಗಬೇಕಿತ್ತು. ಇಲ್ಲವಾದರೆ ಅಪ್ಪ ಅವ್ವನ ಹಾಗೆ ಕಂಡವರ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದೇ ಗತಿ.

ನಮಗೆ ಕಲಿಸುತ್ತಿದ್ದ ಮೇಷ್ಟ್ರು ಹೊಸನಗರದ ಕಡೆಯ ತೋಟದ ಮನೆಯವರು. ಕೆಲಸ ಬಲ್ಲವರು, ಅದನ್ನು ಇಲ್ಲವೆನ್ನಲಾರೆ. ಆದರೆ ಅವರ ಮನೆಯಲ್ಲಿ ಕೆಲಸವಿದ್ದಾಗ ಹುಡುಗರು ಹೋಗಿ ಕೈಹಾಕಬೇಕಿತ್ತು. ಅದಕ್ಕೆ ಯಾರೂ ಕೂಲಿ ಅನ್ನುತ್ತಿರಲಿಲ್ಲ, ಗುರುಭಕ್ತಿ ಅನ್ನುತ್ತಿದ್ದರು. ಈ ಭಕ್ತಿ ಪೇಟೆಯ ಹುಡುಗರಿಂದ ಆಗುವುದಲ್ಲವಂತೆ, ಅವರಿಗೆ ಕತ್ತಿ ಹಿಡಿಯಲು ಬರುವುದಿಲ್ಲವಂತೆ. ನನಗೆ ಬರುತ್ತಿತ್ತಲ್ಲ!

ಫೋರ್‌ಮನ್ ಬರುವ ವಾರ ಹತ್ತಿರವಾಯಿತು. ಸೋಮವಾರ ಜಾಬು ಮಾಡಬೇಕು, ಮಂಗಳವಾರ ಅವರು ನೋಡುತ್ತಾರೆ. ಶನಿವಾರ ಸಂಜೆ ಶೆಡ್ಡಿನ ಬಾಗಿಲು ಹಾಕುವಾಗ ಮೇಷ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟರು.

"ನಾಳೆ ಒಂದಿನ ಬಾ ಮಾರಾಯ. ಅಡಿಕೆ ಕೊನೆ ಇಳಿಸಿ ಹಾಕಿದೀನಿ, ಸುಲಿಯೋಕೆ ಜನ ಇಲ್ಲ."

ಪರೀಕ್ಷೆ ಇಟ್ಟವರು ಅವರೇ. ಅದು ಯಾವತ್ತು ಎಂಬುದು ಅವರಿಗೆ ಮರೆತಿರುತ್ತದೆಯೇ? ಆದರೂ ಹೋದೆ. ಬೆಳಗಿನಿಂದ ಕತ್ತಲಾಗುವವರೆಗೆ ಸುಲಿದೆ. ಹಸಿ ಅಡಿಕೆಯ ರಸ ಕೈಗೆ ಹತ್ತಿತೆಂದರೆ ಕಪ್ಪು ಕರೆಯಾಗುತ್ತದೆ. ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ನಾನು ಸೀಮೆಎಣ್ಣೆ ಹಾಕಿಕೊಂಡು ತೊಳೆದೆ. ಬೆರಳಿನ ಬಿರುಕುಗಳಲ್ಲಿ ಉಳಿದದ್ದು ಉಳಿದೇ ಉಳಿಯಿತು.

ಸೋಮವಾರದ ಜಾಬು, ಒಂದು ತುಂಡಿನಲ್ಲಿ ಕೊರೆದ ಕಚ್ಚಿನೊಳಗೆ ಇನ್ನೊಂದು ತುಂಡು ಸರಾಗವಾಗಿ ಕೂರಬೇಕು. ಬೆವರು ಸುರಿಸಿ ಮಾಡಿದೆ. ಕೂಡಿಸಿ ಕಿಟಕಿಗೆ ಹಿಡಿದರೆ ಸಂದಿಯಲ್ಲಿ ಒಂದು ಎಳೆ ಬೆಳಕೂ ಬರಲಿಲ್ಲ. ಮೇಷ್ಟ್ರು ಕೂಡ ನೋಡಿ ತಲೆಯಾಡಿಸಿದರು. ಎಣ್ಣೆ ಸವರಿ ಮೇಜಿನ ಮೇಲಿಟ್ಟು, ಗೆದ್ದೆ ಎಂದುಕೊಂಡು ಮನೆಗೆ ಹೋದೆ.

ಮರುದಿನ ನೋಡಿದರೆ ಥಳಥಳ ಹೊಳೆಯುತ್ತಿದ್ದ ಜಾಬಿನ ಮೇಲೆ ನನ್ನ ಐದೂ ಬೆರಳು ಮಸಿಯಲ್ಲಿ ಒತ್ತಿದ ಹಾಗೆ ಮೂಡಿದ್ದವು. ಅಡಿಕೆ ರಸ ತಾಗಿದರೆ ಕಬ್ಬಿಣ ಕಪ್ಪಾಗುತ್ತದೆ ಎಂದು ಗೊತ್ತಿಲ್ಲದವನಲ್ಲ ನಾನು. ನಮ್ಮ ಮನೆಯ ಮೆಟ್ಟುಗತ್ತಿಗಳೆಲ್ಲ ಕಪ್ಪೇ. ಆದರೆ ಬೆವರಿದ ಬೆರಳಿನಿಂದ, ಎಣ್ಣೆಯ ಅಡಿಯಲ್ಲಿ, ರಾತ್ರಿ ಕಳೆಯುವುದರೊಳಗೆ ಹೀಗಾಗುತ್ತದೆಂದು ಹೊಳೆದೇ ಇರಲಿಲ್ಲ.

ಒರೆಸಲು ಹೋಗುವಷ್ಟರಲ್ಲಿ ಫೋರ್‌ಮನ್ ಬಂದಾಗಿತ್ತು. ನನ್ನ ಜಾಬನ್ನು ಎತ್ತಿ, ತುಂಡನ್ನು ಎಳೆದು ಮತ್ತೆ ತಳ್ಳಿ ನೋಡಿದರು. ಮುಖ ಅರಳಿತು. ಆಮೇಲೆ ಮಗುಚಿ ನೋಡಿ, ಇಷ್ಟು ಒಳ್ಳೆಯ ಕೆಲಸ ಮಾಡಿ ತುಕ್ಕು ಹಿಡಿಸಿದ್ದಾನಲ್ಲ ಎಂದು ಮೇಷ್ಟ್ರ ಕಡೆ ತಿರುಗಿದರು.

"ತುಕ್ಕಲ್ಲ ಸಾರ್, ಅಡಿಕೆ ಕರೆ" ಎಂದೆ ನಾನು. "ಮೊನ್ನೆ ಸುಲಿಯೋಕೆ ಹೋಗಿದ್ದೆ."

ಬಯಲುಸೀಮೆಯ ಮನುಷ್ಯ, ಅವರಿಗೆ ಇದು ಹೊಸದು. ಹೌದೇ ಎನ್ನುವಂತೆ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅವರು ನನ್ನ ಕೈ ನೋಡಿದರು, ಆಮೇಲೆ ಎಲ್ಲರಿಗೂ ಕೇಳುವಂತೆ ಕೇಳಿದರು:

"ಪರೀಕ್ಷೆ ಇಟ್ಕಂಡು ಅಡಿಕೆ ಸುಲಿಯೋಕೆ ಹೋಗು ಅಂತ ನಿಂಗೆ ಯಾರು ಹೇಳಿದ್ರು?"

ನಾನು ಯಾರ ಮನೆಗೆ ಹೋಗಿದ್ದೆನೆಂದು ಅಲ್ಲಿದ್ದ ಹುಡುಗರಿಗೆಲ್ಲ ಗೊತ್ತಿತ್ತು, ಒಬ್ಬನೂ ತಲೆಯೆತ್ತಲಿಲ್ಲ. ಶಿಸ್ತಿಲ್ಲದವನು ಕಾರ್ಖಾನೆಗೆ ಆಗುವುದಿಲ್ಲ ಎಂದು ಫೋರ್‌ಮನ್ ಜಾಬನ್ನು ಕೆಳಗಿಟ್ಟು, ಪಕ್ಕದ ಹುಡುಗನದನ್ನು ಎತ್ತಿಕೊಂಡರು. ಪೇಟೆಯ ಅಂಗಡಿಯವರ ಮಗ ಅವನು. ಅವನ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು, ಆದರೆ ಕೈ ಶುದ್ಧವಾಗಿತ್ತು. ಅವನನ್ನೇ ಆರಿಸಿದರು. ನನ್ನ ಹೊಟ್ಟೆ ಉರಿದುಹೋಯಿತು. ಇಷ್ಟು ವರ್ಷವಾದರೂ ಆ ಉರಿ ಆರಿಲ್ಲ, ಆರುವುದೂ ಬೇಡ.

ಆ ಶನಿವಾರ ಸಂಜೆ ಮೇಷ್ಟ್ರು ಏನೂ ಆಗಿಲ್ಲವೆಂಬಂತೆ ಮತ್ತೆ ಹೆಗಲ ಮೇಲೆ ಕೈಯಿಟ್ಟು, ಕೆಳಗಿನ ತೋಟದ ಕೊನೆಯನ್ನೂ ಇಳಿಸಿದ್ದಾಗಿದೆ, ನಾಳೆ ಬರುತ್ತೀಯಲ್ಲ ಎಂದು ಕೇಳಿದರು. ನನ್ನ ಸರ್ಟಿಫಿಕೇಟಿಗೆ ಅವರ ಸಹಿ ಇನ್ನೂ ಬಿದ್ದಿರಲಿಲ್ಲ. ಹೋದೆ.